ಶಾಮಲಾ ಅವರ ಅಧಿಕಾರದ ತುರುಬು

ಮುಂಬೈಯ ಸಯನ್‌ನ ಶಾಮಲಾ ಅವರಿಗೆ ಮೂವತ್ತೆಂಟನೇ ವಯಸ್ಸಿಗೇ ಆಫೀಸಿನಲ್ಲಿ ಸೂಪರ್‌ವೈಸರ್ ಹುದ್ದೆ ಸಿಕ್ಕಿತು. ಕಿರಿಯ ಗುಮಾಸ್ತರು ಹೆದರಲಿ ಎಂದು ಎಣ್ಣೆ ಹಚ್ಚಿ ಬಿಗಿದ ತುರುಬು, ಮೊಣಕೈ ಮುಚ್ಚುವ ಕಂದು ರವಿಕೆ, ಗಂಜಿ ಹಾಕಿದ ಬೂದು ಸೀರೆ, ಮುಖಕ್ಕೆ ದಪ್ಪಗೆ ಪೌಡರು ಶುರುವಾದವು. ಗುಮಾಸ್ತರು ಮಾತ್ರ ಆರಾಮಾಗಿ ಚಹಾ ಕುಡಿಯುತ್ತಲೇ ಇದ್ದರು.

ಒಂದು ಸಂಜೆ, ಆ ಗುಮಾಸ್ತರೊಡನೆ ದಿನವಿಡೀ ವಾದಿಸಿ ಸುಸ್ತಾದ ಶಾಮಲಾ ಲೋಕಲ್ ರೈಲಿನ ಹೆಂಗಸರ ಡಬ್ಬಿಯಲ್ಲಿ ನೇತಾಡುತ್ತಿದ್ದಾಗ, ಅವರದೇ ವಯಸ್ಸಿನ ಹೆಂಗಸೊಬ್ಬಳು ಎದ್ದು, "ಆಜಿ, ಬಸಾ ನಾ," ಎಂದು ಮರಾಠಿಯಲ್ಲಿ ಅಜ್ಜಿ ಎಂದೇ ಕರೆದು ತನ್ನ ಸೀಟು ಕೊಟ್ಟಳು.

ಜೊತೆಗಿದ್ದ ನೆರೆಮನೆಯ ಕೌಸಲ್ಯಾ ನಕ್ಕರು: "ಏನ್ರೀ, ಸಾಹೇಬ್ರಾಗೋಕೆ ಹೋಗಿ ಅಜ್ಜಿ ಆಗ್ಬಿಟ್ರಲ್ಲ! ಅವಳಿಗೆ ನಿಮ್ಮ ವಯಸ್ಸು ಹೇಳ್ಬಿಡ್ಲಾ?"

ಹೇಳಿದರೆ ಮಾನ ಉಳಿಯುತ್ತಿತ್ತು, ಸೀಟು ಹೋಗುತ್ತಿತ್ತು.

"ಸಯನ್ ಬರ್ಲಿ ತಾಳ್ರೀ, ಇಳಿಯೋವಾಗ ಹೇಳಿ," ಎಂದು ಶಾಮಲಾ ಕೂತು ಕಣ್ಣು ಮುಚ್ಚಿದರು.