ಯಾರಾದರೂ ತೀರಿಕೊಂಡರೆ ಏನನ್ನುತ್ತಾರೆ

ನಾನು ಧಾರವಾಡದಲ್ಲಿ ಫ್ರೆಂಚ್ ಓದಿದವಳು. ಬೈಲಹೊಂಗಲಕ್ಕೆ ಬಂದ ಮೇಲೆ ಅದನ್ನು ಕೇಳುವವರಿಲ್ಲದೆ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದೆ. ಹೋದ ಬೇಸಿಗೆಯಲ್ಲಿ ಮುನವಳ್ಳಿಯ ಶಾಲೆಯೊಂದರಲ್ಲಿ ಮಕ್ಕಳ ಶಿಬಿರವಿದೆ, ಆರರಿಂದ ಎಂಟನೆಯ ತರಗತಿಯವರಿಗೆ ಹೊರದೇಶದ ಭಾಷೆಗಳನ್ನೂ ಅಲ್ಲಿಯ ಜನರ ರೀತಿನೀತಿಗಳನ್ನೂ ಸ್ವಲ್ಪ ಹೇಳಿಕೊಡಿ ಎಂದು ಕರೆ ಬಂದಾಗ ಕೂಡಲೇ ಒಪ್ಪಿದೆ. ಜಪಾನಿ ಕಲಿಸಲು ಇನ್ನೊಬ್ಬ ಮೇಷ್ಟ್ರು ಬಂದಿದ್ದರು. ಸಂಗೊಳ್ಳಿ, ರಾಮದುರ್ಗ, ಯರಗಟ್ಟಿ ಕಡೆಯ ಮಕ್ಕಳು ಎರಡೇ ದಿನದಲ್ಲಿ ಅಡುಗೆಯವರಿಗೆಲ್ಲ ಬಾಗಿ ವಂದಿಸತೊಡಗಿದರು. ನವಿಲುತೀರ್ಥಕ್ಕೆ ಕರೆದೊಯ್ದಾಗ ಮೀನು ಹಿಡಿಯುವವರಿಗೆ ದೂರದಿಂದಲೇ "ಬೋಂಜೂರ್" ಎಂದು ಕೂಗಿದರು.

ನಾನು ಬರೀ ಒಳ್ಳೆಯ ಮಾತುಗಳನ್ನು ಆರಿಸಿಕೊಂಡಿದ್ದೆ. ನಮಸ್ಕಾರ, ಹೇಗಿದ್ದೀರಿ, ಊಟ ಚೆನ್ನಾಗಿತ್ತು, ಹುಟ್ಟುಹಬ್ಬದ ಶುಭಾಶಯ. ಒಂದು ಬೆಳಗ್ಗೆ ಅದನ್ನೇ ಹೇಳಿಸುತ್ತಿದ್ದಾಗ ಯರಗಟ್ಟಿಯ ಹುಡುಗಿಯೊಬ್ಬಳು ಕೈ ಎತ್ತಿದಳು. ಏಳನೆಯ ತರಗತಿಯವಳು, ಅಲ್ಲಿಯವರೆಗೆ ತಾನಾಗಿ ಬಾಯಿ ಬಿಟ್ಟವಳಲ್ಲ.

"ಮೇಡಂ, ಅಲ್ಲಿ ಯಾರರೆ ತೀರಿಕೊಂಡ್ರ ಏನಂತಾರ್ರಿ?"

ಅವಳ ತಾಯಿ ಕಾಯಿಲೆಯಿಂದ ಮಲಗಿದ್ದು ದೀಪಾವಳಿಯ ಹೊತ್ತಿಗೆ ತೀರಿಕೊಂಡಿದ್ದಳೆಂದು ಶಿಬಿರದವರು ನನಗೆ ಮೊದಲೇ ಹೇಳಿದ್ದರು. ಮಾತು ತಪ್ಪಿಸಬಹುದಿತ್ತು. ಆದರೆ ಅವಳು ಉತ್ತರಕ್ಕಾಗಿ ಕಾಯುತ್ತಿದ್ದಳು. "ತೂತ್ ಮೇ ಕೊಂದೊಲೆಯಾಂಸ್" ಎಂದು ಹಲಗೆಯ ಮೇಲೆ ಬರೆದು ಓದಿದೆ. ತೂತ್ ಎಂದದ್ದೇ ತಡ, ಹಿಂದಿನ ಸಾಲಿನವರು ಕಿಸಕ್ಕನೆ ನಕ್ಕರು. ಅವಳು ನಗಲಿಲ್ಲ. ನಿಧಾನಕ್ಕೆ ಅಕ್ಷರ ಅಕ್ಷರವಾಗಿ ಓದಿಕೊಂಡಳು. ನಗು ತಾನಾಗಿಯೇ ನಿಂತಿತು. ನಿಮ್ಮ ದುಃಖದಲ್ಲಿ ನಾನೂ ಇದ್ದೇನೆ ಎಂದು ಅದರ ಅರ್ಥ ಹೇಳಿದೆ.

ನಿಮ್ಮ ನಿಮ್ಮ ಮನೆಗಳಲ್ಲಿ ಏನನ್ನುತ್ತಾರೆ ಎಂದು ಕೇಳಿದೆ. ಒಬ್ಬರು "ಶಿವನ ಪಾದ ಸೇರಿದ್ರು ಅಂತಾರ್ರಿ" ಎಂದರು. "ಲಿಂಗೈಕ್ಯ ಆದ್ರು" ಎಂದರು ಇನ್ನೊಬ್ಬರು. ಆಮೇಲೆ ಕಿಟಕಿಯ ಹತ್ತಿರ ಕೂತಿದ್ದ ಮತ್ತೊಬ್ಬ ಹುಡುಗಿ ಎದ್ದು ನಿಂತಳು. ಅವಳೂ ಯರಗಟ್ಟಿಯವಳೇ, ಅದೇ ಓಣಿಯವಳು, ತಂದೆ ಲಾರಿ ಡ್ರೈವರ್. ಮೊದಲು ಇಬ್ಬರೂ ಒಂದೇ ಬೆಂಚಿನವರಂತೆ. ಶಿಬಿರದಲ್ಲಿ ಮಾತ್ರ ಊಟಕ್ಕೂ ದೂರ ದೂರ ಕೂಡುತ್ತಿದ್ದರು.

"ನಾವು ಅಲ್ಲಾನವ್ರು, ಅವನ ಕಡೀಗೆ ಹೊಳ್ಳಿ ಹೋಗತೇವಿ ಅಂತಾರ್ರಿ ನಮ್ಮಲ್ಲಿ," ಎಂದಳು. ಕೂರಲಿಲ್ಲ.

ತಾಯಿ ಇಲ್ಲದ ಹುಡುಗಿ ಅವಳತ್ತ ತಿರುಗಿದಳು. "ಇಷ್ಟು ಗೊತ್ತಿದ್ರೂ ಅವ್ವ ಹೋದ ದಿನ ನಮ್ಮ ಬಾಗಲದಾಗ ನಿಂತು ಓಡಿ ಹೋದಿಯಂತ. ಒಳಗರೆ ಬಂದಿಯೇನು?"

ಕಿಟಕಿಯ ಹತ್ತಿರದವಳು ಉಳಿದ ಮಕ್ಕಳತ್ತ ನೋಡಿದಳು. ನಾನು ಉಳಿದ ಮಕ್ಕಳನ್ನು ಮೇಷ್ಟ್ರ ಜೊತೆ ಹೊರಗೆ ಕಳಿಸಿದೆ. ಮೂವರೇ ಉಳಿದೆವು.

"ಕಾಕುನ್ನ ಗ್ವಾಡಿಗೆ ಆನಿಸಿ ಕುಂದ್ರಿಸಿದ್ರಲ್ಲ," ಎಂದಳು ಕೊನೆಗೆ. ಗೆಳತಿಯ ತಾಯಿಯನ್ನು ಅವಳು ಕಾಕು ಎನ್ನುತ್ತಿದ್ದಳು. "ನಮ್ಮಲ್ಲಿ ಮಲಗಸ್ತಾರ. ಹೂವಿನ ಮಾಲಿ ಹಾಕ್ಯಾರ, ಎಲ್ಲಾರೂ ಹಾಡಾಕ ಹತ್ಯಾರ. ಕಾಕು ಅರಾಮ ಆಗಿ ಎದ್ದು ಕುಂತಾರ ಅಂತ ತಿಳಕೊಂಡ್ನಿ. ಅದಕ್ಕ ಓಡಿದ್ನಿ, ಅಮ್ಮಿಗೆ ಹೇಳಾಕ."

ತಾಯಿ ಇಲ್ಲದವಳು ಅವಳನ್ನೇ ನೋಡುತ್ತಿದ್ದಳು.

"ಅಮ್ಮಿ ನನ್ನ ಬಗಲಾಗ ಕುಂದ್ರಿಸಿಕೊಂಡು, ಇಲ್ಲ ಬೇಟಾ, ಕಾಕು ಹೋಗ್ಯಾರ, ಅವರ ಪದ್ಧತಿ ಹಂಗ ಅಂದ್ರು. ಅಲ್ಲಿತನಕ ನಂಗ ಖುಷಿ ಆಗಿತ್ತು. ನಿಮ್ಮವ್ವ ಸತ್ತಾಗ ನಂಗ ಖುಷಿ ಆಗಿತ್ತು. ಆಮ್ಯಾಲೆ ನಿನ್ನ ಮಾರಿ ಹೆಂಗ ನೋಡ್ಲಿ?"

ಇಷ್ಟು ಹೇಳಿ ಮುಖ ಮುಚ್ಚಿಕೊಂಡು ಅತ್ತಳು. ನಮ್ಮ ಲಿಂಗಾಯತರ ಮನೆಗಳಲ್ಲಿ ಸತ್ತವರನ್ನು ಕೂರಿಸುವುದನ್ನು ಹುಟ್ಟಿದಾಗಿನಿಂದ ನೋಡುತ್ತ ಬಂದವಳು ನಾನು. ಅದು ಒಂದು ಮಗುವಿನ ಕಣ್ಣಿಗೆ ಜೀವ ಬಂದ ಹಾಗೆ ಕಂಡೀತೆಂದು ಎಂದೂ ಹೊಳೆದಿರಲಿಲ್ಲ.

ತಾಯಿ ಇಲ್ಲದವಳು ಎದ್ದು ಗೆಳತಿಯ ಹತ್ತಿರ ಹೋದಳು. ಅವಳು ಕೇಳಿದ್ದು ನಾನು ಎಣಿಸಿದ ಮಾತಲ್ಲ.

"ನೀ ನೋಡಿದಿ? ಹೆಂಗಿದ್ಲು?"

ಆ ದಿನ ಮಗಳು ವಿಪರೀತ ಅಳುತ್ತಿದ್ದಳೆಂದು ಹಿರಿಯರು ಹಿತ್ತಲ ಕೋಣೆಗೆ ಒಯ್ದು ಕೂರಿಸಿದ್ದರಂತೆ. ಹೊರಗೆ ಬಿಡುವಷ್ಟರಲ್ಲಿ ತಾಯಿಯನ್ನು ಎತ್ತಿಕೊಂಡು ಹೋಗಿದ್ದರು.

"ಹಸರ ಸೀರಿ ಉಡಿಸಿದ್ರು. ಹಣಿ ತುಂಬ ವಿಭೂತಿ, ನಡಬರಕ ಕುಂಕುಮ. ಕೈತುಂಬ ಬಳಿ. ಮಧ್ಯಾಹ್ನ ಕಟ್ಟಿ ಮ್ಯಾಲ ಕುಂತಲ್ಲೇ ನಿದ್ದಿ ಮಾಡತಿದ್ರಲ್ಲ, ಹಂಗ ಇದ್ರು."

"ಬಾಯಿ ತಗದಿತ್ತೇನು?"

"ಇಲ್ಲ. ನಗಾಕ ಹತ್ತಿದಂಗ ಇತ್ತು."

ಆಗ ಅವಳೂ ಅತ್ತಳು. ಒಬ್ಬರನ್ನೊಬ್ಬರು ಹಿಡಿದುಕೊಂಡು ಬಹಳ ಹೊತ್ತು ಅತ್ತರು. ಹೊರಗೆ ಮಕ್ಕಳು ಜಪಾನಿಯಲ್ಲಿ ಅಂಕಿ ಎಣಿಸುತ್ತಿದ್ದುದು ಕೇಳುತ್ತಿತ್ತು. ನಾನು ಹೋಗಿ ನೀರು ತಂದುಕೊಟ್ಟೆ. ಅಷ್ಟೇ ನನ್ನಿಂದ ಆದದ್ದು.

ಮರುದಿನದಿಂದ ಎಲ್ಲ ಸರಿಹೋಯಿತೆಂದು ಹೇಳಲಾರೆ. ಊಟಕ್ಕೆ ಜೊತೆಗೆ ಕೂಡುತ್ತಿದ್ದರು, ಮಾತು ಮಾತ್ರ ಕಡಿಮೆ. ಆದರೆ ತರಗತಿಯ ಪಾಠ ಬದಲಾಯಿತು. ಮಕ್ಕಳೇ ಪ್ರಶ್ನೆ ತರತೊಡಗಿದರು. ಸತ್ತವರ ಮನೆಗೆ ಹೋದರೆ ಎಲ್ಲಿ ಕೂಡಬೇಕು, ನೀರು ಕೊಟ್ಟರೆ ಕುಡಿಯಬಹುದೋ, ಏನೂ ಮಾತಾಡದೆ ಎದ್ದು ಬಂದರೆ ತಪ್ಪೇ? ಫ್ರಾನ್ಸಿನದನ್ನು ನಾನು ಹೇಳುತ್ತಿದ್ದೆ, ಜಪಾನಿನದನ್ನು ಮೇಷ್ಟ್ರು. ಪಕ್ಕದ ಓಣಿಯದನ್ನು ಅವರವರೇ ಹೇಳಿಕೊಂಡರು.

ಕೊನೆಯ ದಿನ ತಂದೆತಾಯಿಗಳು ಮಕ್ಕಳನ್ನು ಕರೆದೊಯ್ಯಲು ಬಂದರು. ತಾಯಿ ಇಲ್ಲದ ಹುಡುಗಿಯ ತಂದೆ ಇಬ್ಬರನ್ನೂ ಒಟ್ಟಿಗೆ ಕಂಡು ನಿಂತರು.

"ಯಾಕವ್ವಾ, ಮನೀ ಕಡೆ ಬರೂದ ಬಿಟ್ಟಿಯಲ್ಲ?" ಎಂದು ಮಗಳ ಗೆಳತಿಯನ್ನು ಕೇಳಿದರು. "ನಾ ಏನರೆ ಅಂದ್ನೇನು?"

"ಇಲ್ರಿ ಕಾಕಾ. ನಾಳೆ ಬರತೇನ್ರಿ."

"ನಾಳೆ ಯಾಕ? ನಿಮ್ಮಪ್ಪ ಲಾರಿ ತಗೊಂಡು ಹೋಗ್ಯಾರ, ನಿನ್ನೂ ಕರಕೊಂಡು ಬಾ ಅಂದಾರ. ನಿಮ್ಮ ಅಮ್ಮಿಗೆ ಫೋನ್ ಮಾಡಿ ಹೇಳತೇನಿ, ಇವತ್ತ ನಮ್ಮಲ್ಲೇ ಊಟ ಮಾಡು. ನಡೀರಿ, ಬಸ್ ಬಂತು."

ಬಸ್ಸು ತುಂಬಿತ್ತು. ಮೂವರೂ ಹಿಂದಿನ ಬಾಗಿಲಿನಿಂದ ಹತ್ತಿದರು. ಹುಡುಗಿಯರಿಬ್ಬರ ಚೀಲಗಳನ್ನೂ ತಂದೆಯೇ ಹೆಗಲಿಗೆ ಹಾಕಿಕೊಂಡಿದ್ದರು.