ಎಡಚಿಯ ಬೀಸುಬಲೆ

ದೋಣಿ ಕಟ್ಟುವ ದಕ್ಕೆಯ ಜನ ಅವಳಿಗೆ ಎಡಚಿ ಎಂದು ಹೆಸರಿಟ್ಟದ್ದು ಅವಳು ಬಲೆ ಹಿಡಿದು ನೀರಿಗಿಳಿದ ಮೊದಲ ದಿನವೇ. ಅದಕ್ಕೆ ಮುಂಚೆ ಹತ್ತು ವರ್ಷ ಹೊಲಿಗೆ ಯಂತ್ರದ ಮುಂದೆ ಕೂತವಳು. ಎಡಗೈಯಲ್ಲಿ ಕತ್ತರಿ ಹಿಡಿದರೂ ರವಿಕೆ ಮೈಗೆ ಸರಿಯಾಗಿಯೇ ಕೂರುತ್ತಿದ್ದುದರಿಂದ ಯಾರೂ ಅದನ್ನು ಗಮನಿಸಿರಲಿಲ್ಲ.

ಬಲೆ ಬೀಸುವುದು ಅತ್ತೆಯ ಕಸುಬಾಗಿತ್ತು. ಗಾಳ ಹಾಕಲು ಹೋಗುವ ದೋಣಿಗಳಿಗೆ ಬೆರಳುದ್ದದ ಬೆಳ್ಳಿಮೀನನ್ನು ಜೀವಂತ ಹಿಡಿದು ಕೊಡಬೇಕು. ಆ ಎರೆಯಿಲ್ಲದೆ ಯಾವ ದೋಣಿಯೂ ಕಟ್ಟು ಬಿಚ್ಚುತ್ತಿರಲಿಲ್ಲ. ಮೂವತ್ತು ವರ್ಷ ಹೀಗೆ ಬಲೆ ಬೀಸಿದ ಅತ್ತೆ ಒಂದು ದಿನ ದಕ್ಕೆಯ ಪಾಚಿಗಟ್ಟಿದ ಮೆಟ್ಟಿಲ ಮೇಲೆ ಜಾರಿ ಬಿದ್ದಳು. ಮುರಿದ ಬಲ ಭುಜ ಕೂಡಿಕೊಂಡಿತಾದರೂ ಕೈ ಎದೆಯಿಂದ ಮೇಲಕ್ಕೆ ಏಳಲಿಲ್ಲ.

ಮಗನೋ, ಮಂಜುಗಡ್ಡೆ ಕಾರ್ಖಾನೆಯ ಪಾಳಿ ಬಿಟ್ಟು ಬರುವವನಲ್ಲ. "ಅವನಿಗೆ ಮೀನು ಕಾಣಬೇಕಾದರೆ ತಟ್ಟೆಯಲ್ಲೇ ಕಾಣಬೇಕು," ಎಂದು ಅತ್ತೆ ಮೂಗು ಮುರಿದಳು. ಉಳಿದವಳು ಸೊಸೆ.

ಕಲಿಸುವಾಗ ಅತ್ತೆ ಬಾಯಿಗೆ ಬಿಡುವು ಕೊಡಲಿಲ್ಲ. "ಬಲಗೈ! ಬಲಗೈಯಲ್ಲಿ ಬೀಸು ಅಂದೆ! ಅದೇನು ಒಗೆದ ಬಟ್ಟೆ ಕೊಡವಿದ ಹಾಗೆ?" ಅತ್ತೆಯ ಬಲೆ ಅತ್ತೆಯಷ್ಟೇ ಎತ್ತರ. ಎಡಚಿ ಗಿಡ್ಡ. ಅಂಚಿನ ಸೀಸದ ಗುಂಡುಗಳು ನೆಲ ಒರೆಸುತ್ತಿದ್ದವು, ಬಲೆ ಬಿಚ್ಚಿಕೊಳ್ಳದೆ ಮುದ್ದೆಯಾಗಿ ನೀರಿಗೆ ಬೀಳುತ್ತಿತ್ತು. ದೋಣಿಯವರು ಬಿದ್ದು ಬಿದ್ದು ನಕ್ಕರು. ಒಂದು ಮಧ್ಯಾಹ್ನ ಅತ್ತೆ ನಿದ್ದೆಹೋಗಿದ್ದಾಗ ಅವಳು ಹಿತ್ತಲಿನ ಖಾಲಿ ಜಾಗದಲ್ಲಿ ಎಲ್ಲವನ್ನೂ ತಿರುವುಮುರುವು ಮಾಡಿ ಎಡಗೈಯಿಂದ ಬೀಸಿದಳು. ಬಲೆ ಪೂರ್ತಿ ದುಂಡಗಾಗದಿದ್ದರೂ ಅರ್ಧದಷ್ಟು ಅರಳಿತು. ಬಾಗಿಲಲ್ಲಿ ಅತ್ತೆ ನಿಂತಿದ್ದಳು. ನೋಡಿ ಒಳಗೆ ಹೋದಳು. ಮರುದಿನ ಬೆಳಿಗ್ಗೆ, "ನಡಿ, ನಿನ್ನ ಅಳತೆಗೆ ಒಂದು ತರೋಣ," ಎಂದಳು.

ಬಲೆಯಂಗಡಿಯಲ್ಲಿ ಮತ್ತೆ ಜಟಾಪಟಿ. ಅಂಗಡಿಯವನು ದೊಡ್ಡ ಬಲೆಯೊಂದನ್ನು ಮುಂದೆ ಹರವಿ, "ಇದನ್ನು ಬೀಸಿದರೆ ಅರ್ಧ ಹೊಳೆ ಮುಚ್ಚುತ್ತೆ, ಅಕ್ಕ," ಎಂದ. ಅತ್ತೆಯ ಕಣ್ಣೂ ಅದರ ಮೇಲೇ. ಎಡಚಿ ಮಾತ್ರ ಒಂದೊಂದೇ ಬಲೆಯನ್ನು ಬಟ್ಟೆ ನೋಡಿದ ಹಾಗೆ ಬೆರಳಲ್ಲಿ ಹೊಸಕಿ ನೋಡಿದಳು. ಒರಟು ದಾರದ್ದು ಮಡಿಕೆಯಲ್ಲೇ ನಿಂತುಬಿಡುತ್ತದೆ, ಅರಳುವುದಿಲ್ಲ. ಹೆಣಿಗೆಯ ಕಣ್ಣು ದೊಡ್ಡದಾದರೆ ಕಿವಿರು ಸಿಕ್ಕಿಕೊಂಡು ಮೀನು ಸತ್ತೇಹೋಗುತ್ತದೆ. ತೀರಾ ಸಣ್ಣದಾದರೆ ಬಲೆ ನೀರಲ್ಲಿ ತೇಲಿ ತೇಲಿ ಇಳಿಯುವಷ್ಟರಲ್ಲಿ ಮೀನು ಪರಾರಿ. ಕೊನೆಗೆ ತನ್ನ ಗಲ್ಲದವರೆಗೆ ಬರುವ, ಕಿರುಬೆರಳ ತುದಿಯಷ್ಟೇ ತೂರುವ ಕಣ್ಣಿನ, ಅಂಚಿಗೆ ಒತ್ತೊತ್ತಾಗಿ ಸೀಸ ಕೂರಿಸಿದ ಒಂದನ್ನು ಎತ್ತಿಕೊಂಡಳು.

"ಕರವಸ್ತ್ರ ತಗೊಂಡೆಯಾ?" ಎಂದಳು ಅತ್ತೆ.

"ನನಗೆ ಬೀಸೋಕೆ ಬರೋದು ಇದೇ, ಅತ್ತೆ."

ಆ ಬಲೆ ಬಂದು ಎಂಟನೆಯ ದಿನ ಒಂದು ಅನಾಹುತ ನಡೆಯಿತು. ಎರಡು ದಿನದಿಂದ ಎರೆಮೀನಿನ ಸುಳಿವಿರಲಿಲ್ಲ, ಮೂರು ದೋಣಿ ದಕ್ಕೆಯಲ್ಲೇ ಕೂತಿದ್ದವು. ಅದರಲ್ಲೊಂದು ದೋಣಿಯ ಯಜಮಾನ, ಬಾಯಿಬಡುಕ, ಬೆಳಿಗ್ಗೆಯಿಂದ ಎರಡು ಸಲ ಮನೆ ಬಾಗಿಲಿಗೆ ಬಂದು ಹೋಗಿದ್ದ. "ಇವತ್ತೂ ಇಲ್ಲ ಅಂದರೆ ನಾವು ಬೇರೆಯವರನ್ನು ನೋಡ್ಕೋತೀವಿ, ಆಮೇಲೆ ಬೇಜಾರು ಮಾಡ್ಕೋಬಾರದು."

ಮಧ್ಯಾಹ್ನ ಉಬ್ಬರ ಶುರುವಾಗುವ ಹೊತ್ತಿಗೆ ಮುರಿದ ಹಳೆ ಸೇತುವೆಯ ಕಂಬಗಳ ಹತ್ತಿರ ನೀರು ನಡುಗಿದಂತೆ ಕಂಡಿತು. ಮೀನಿನ ಹಿಂಡು! ಕಂಬದ ಬುಡದಲ್ಲಿ ಮರಳು ಕೊರೆದು ಆಳವಾಗಿದೆ ಎಂಬುದು ಇಬ್ಬರಿಗೂ ಗೊತ್ತಿತ್ತು. ಅತ್ತೆ ದಡದಲ್ಲಿ ನೀರು ತುಂಬಿದ ತೊಟ್ಟಿ, ಬುಟ್ಟಿ ಇಟ್ಟುಕೊಂಡು ನಿಂತಳು. ಎಡಚಿ ಸೊಂಟದವರೆಗೆ ಇಳಿದು ದೂರದಿಂದಲೇ ಬೀಸಿದಳು. ಮೊದಲ ಬೀಸಿಗೇ ಬಲೆ ಮಿಣಮಿಣ ಮಿಂಚಿತು. ತೊಟ್ಟಿ ಅರ್ಧ ತುಂಬಿತು.

"ಇನ್ನೊಂದು! ಬೇಗ!" ಎಂದಳು ಅತ್ತೆ.

ಎರಡನೆಯ ಬೀಸು ಆಸೆಯ ಬೀಸು. ಎರಡು ಹೆಜ್ಜೆ ಮುಂದೆ ಹೋಗಿ ಕಂಬದ ಮಗ್ಗುಲಿಗೇ ಎಸೆದಳು. ಎಳೆದಾಗ ಬಲೆ ಬರಲಿಲ್ಲ. ನೀರೊಳಗೆ ಸೇತುವೆಯ ಯಾವುದೋ ಕಬ್ಬಿಣದ ಸರಳು ಅದನ್ನು ಕಚ್ಚಿ ಹಿಡಿದಿತ್ತು. ಹೊಸ ಬಲೆ ಹರಿಯಬಾರದು ಎಂದು ಅವಳು ಬಲೆಯ ಹಗ್ಗವನ್ನು ಎಡ ಮುಂಗೈಗೆ ಸುತ್ತಿಕೊಳ್ಳುತ್ತ ಕಂಬದ ಕಡೆಗೆ ನಡೆದಳು. ಒಂದು ಸುತ್ತು, ಎರಡು, ಮೂರು. ನಾಲ್ಕನೆಯ ಹೆಜ್ಜೆಗೆ ಕಾಲ ಕೆಳಗಿನ ಮರಳು ಕುಸಿಯಿತು.

ತಲೆ ಮುಳುಗಿ ಎದ್ದಾಗ ಉಬ್ಬರದ ಸೆಳೆತ ಅವಳನ್ನು ಕಂಬದಿಂದ ಆಚೆಗೆ ತಳ್ಳುತ್ತಿತ್ತು, ಹಗ್ಗ ಕಂಬದ ಕಡೆಗೇ ಹಿಡಿದಿತ್ತು. ಮುಂಗೈಯ ಮೂರೂ ಸುತ್ತು ಬಿಗಿದುಕೊಂಡವು. ತುದಿಗಾಲಲ್ಲಿ ನಿಂತರೆ ನೀರು ಕತ್ತಿನವರೆಗೆ. ಬಲಗೈಯಿಂದ ಗಂಟು ಸಡಿಲಿಸಲು ನೋಡಿದಳು. ನೆಂದ ಹಗ್ಗದೊಳಗೆ ಉಗುರೂ ತೂರಲಿಲ್ಲ. ನೀರು ಗಲ್ಲಕ್ಕೆ ಬಂತು.

"ಕೈ ಬಿಡಿಸ್ಕೊಂಡು ಬಾರೆ!" ಅತ್ತೆ ಕೂಗಿದಳು.

"ಬರ್ತಿಲ್ಲ ಅತ್ತೆ! ಸಿಕ್ಕಾಕ್ಕೊಂಡಿದೆ!"

ಅತ್ತೆ ದಕ್ಕೆಯ ಕಡೆ ತಿರುಗಿ ಇದ್ದಬದ್ದ ಶಕ್ತಿಯೆಲ್ಲ ಹಾಕಿ ಕಿರುಚಿದಳು. ಅಷ್ಟು ದೂರಕ್ಕೆ ಯಾರಿಗೆ ಕೇಳಬೇಕು? ಬಿದ್ದ ದಿನದಿಂದ ಅವಳು ಪಾದ ಮುಳುಗುವಷ್ಟು ನೀರಿಗೂ ಇಳಿದವಳಲ್ಲ. ಈಗ ಬುಟ್ಟಿಯಲ್ಲಿದ್ದ ಮೀನಿನ ಚೂರಿ ತೆಗೆದು, ಹಿಂದೆ ಬೀಸುವ ಮುನ್ನ ಬಲೆಯ ಅಂಚನ್ನು ಕಚ್ಚುತ್ತಿದ್ದಂತೆ ಹಲ್ಲಲ್ಲಿ ಕಚ್ಚಿ, ಸೀರೆ ಮೇಲೆ ಕಟ್ಟಿ ನೀರಿಗಿಳಿದಳು. ಕಂಬದ ಆಚೆಯಿಂದ ಬಳಸಿ, ಸೆಳೆತ ತನ್ನನ್ನೇ ಸೊಸೆಯ ಕಡೆಗೆ ತರುವಂತೆ ಮೈ ಬಿಟ್ಟಳು. ಎಡಗೈ ಒಂದರಲ್ಲೇ ಈಜು.

ಎಡಚಿಯ ಬಾಯಿಗೆ ಉಪ್ಪುನೀರು ನುಗ್ಗಿತು. ಕೆಮ್ಮಿದಳು, ಮತ್ತೆ ನುಗ್ಗಿತು. ಅಷ್ಟರಲ್ಲಿ ಅತ್ತೆಯ ಮೈ ಬಂದು ಬಡಿಯಿತು. ಅತ್ತೆ ಮೇಲೇಳದ ಬಲಗೈಯನ್ನು ಹಗ್ಗದ ಮೇಲೆ ಹೇರಿ ಹಿಡಿದು, ಎಡಗೈಗೆ ಚೂರಿ ತೆಗೆದುಕೊಂಡಳು.

"ಬೇಡ ಅತ್ತೆ, ಬಲೆ..."

"ಬಾಯ್ಮುಚ್ಚು! ಬಲೆ ಅಂಗಡಿಯಲ್ಲಿ ಸಿಗುತ್ತೆ!"

ಚೂರಿ ಎರಡು ಸಲ ಜಾರಿತು. ಕೊಯ್ದು ಅಭ್ಯಾಸವಿಲ್ಲದ ಕೈ. ಎಡಚಿ ಉಸಿರು ಕಟ್ಟಿ, ತನ್ನ ಬಲಗೈಯನ್ನು ಅತ್ತೆಯ ಮುಷ್ಟಿಯ ಮೇಲಿಟ್ಟು ಒತ್ತಿದಳು. ಮೂರನೆಯ ಎಳೆತಕ್ಕೆ ಹಗ್ಗ ತುಂಡಾಯಿತು. ಇಬ್ಬರನ್ನೂ ಉಬ್ಬರವೇ ಹೊತ್ತುಕೊಂಡು ಹೋಗಿ ಮೊಣಕಾಲುದ್ದ ನೀರಿನ ಮರಳಿನ ಮೇಲೆ ಚೆಲ್ಲಿತು.

ಇಬ್ಬರೂ ಕೆಮ್ಮಿ ನೀರು ಕಕ್ಕಿದರು. ಆಮೇಲೆ ಅತ್ತೆ ಸೊಸೆಯ ಮುಂಗೈ ಹಿಡಿದು ನೋಡಿದಳು. ಚರ್ಮ ಸುಲಿದು ಕೆಂಪಗೆ ಬಳೆ ತೊಟ್ಟ ಹಾಗಾಗಿತ್ತು. "ಹಗ್ಗ ಕೈಗೆ ಸುತ್ಕೋಬಾರದು ಅಂತ ನಿನಗೆ ಹೇಳಲೇ ಇಲ್ಲ ನಾನು," ಎಂದಳು. "ಕೈ ಯಾವುದು ಅಂತಲೇ ಬೈತಾ ಕೂತೆ." ಎಡಚಿಗೆ ಅಳು ಬಂತು. ಅತ್ತೆ ಬೇರೆ ಕಡೆ ನೋಡಿದಳು.

ಅರ್ಧ ತೊಟ್ಟಿ ಎರೆ ಒಂದೇ ದೋಣಿಗೆ ಸಾಕಾಯಿತು. ಅದು ಬಾಯಿಬಡುಕನ ಪಾಲಿಗೆ ಬರಲಿಲ್ಲ. ಅವನು ಗೊಣಗಲು ಬಾಯಿ ತೆರೆದವನು ಅತ್ತೆಯ ಒದ್ದೆ ಸೀರೆ, ಎಡಚಿಯ ಕೈ ನೋಡಿ ತಿರುಗಿ ನಡೆದ. ನೀರಿಳಿದ ಮೇಲೆ ಅವನೇ ಹೋಗಿ ಸರಳಿನಿಂದ ಬಲೆ ಬಿಡಿಸಿ, ಹೊಸ್ತಿಲ ಹೊರಗೆ ಇಟ್ಟುಹೋದ. ಒಂದು ಮೊಳದಷ್ಟು ಹರಿದಿತ್ತು.

ಅತ್ತೆಗೆ ಮೂರು ದಿನ ಜ್ವರ. ಎಡಚಿ ಮಂಚದ ಪಕ್ಕ ಕೂತು ಬಲೆಗೆ ತೇಪೆ ಹಾಕಿದಳು. ಮಲಗಿದಲ್ಲಿಂದಲೇ ಅತ್ತೆ, "ಗಂಟು ದಪ್ಪ ಆಯ್ತು, ಬಿಚ್ಚು," ಎನ್ನುವಳು. ಇವಳು ಬಿಚ್ಚದೆ, "ಹೊಲಿಗೆ ನನ್ನ ಕೆಲಸ, ಅತ್ತೆ," ಎನ್ನುವಳು.

ಐದನೆಯ ದಿನ ಎಡಚಿ ಮತ್ತೆ ನೀರಿಗಿಳಿದಳು. ಬಲೆಯನ್ನು ಭುಜಕ್ಕೆ ಹಾಕಿಕೊಂಡವಳು ಬೀಸಲಾರದೆ ಹಾಗೇ ನಿಂತಳು. ದಡದಲ್ಲಿ ಅತ್ತೆ ಬೈಯಲಿಲ್ಲ, ಅವಸರಪಡಿಸಲಿಲ್ಲ. ಸೊಂಟದ ಮಟ್ಟಕ್ಕಿಂತ ಆಳಕ್ಕೆ ಹೋಗದೆ, ಹಿಂಡು ತಾನಾಗಿ ಹತ್ತಿರ ಬರುವವರೆಗೆ ಎಡಚಿ ಕಾದಳು. ಆಮೇಲೆ ಎಡಗೈಯಿಂದ ಬೀಸಿದಳು. ಆವತ್ತು ಮೂರು ದೋಣಿಗೂ ಎರೆ ಸಿಕ್ಕಿತು.