ನಡುವಿನ ಭಾಗವಿಲ್ಲದ ಕಾದಂಬರಿ

ರೀಲ್ಸ್‌ನಲ್ಲಿ ಹುಡುಗಿಯರು ಆ ಇಂಗ್ಲಿಷ್ ಕಾದಂಬರಿಯನ್ನು ಎದೆಗವಚಿಕೊಂಡು ಗಳಗಳ ಅಳುತ್ತಿದ್ದರು. ಒಬ್ಬಳು ಅತ್ತಿದ್ದರೆ ಬಿಡಬಹುದಿತ್ತು. ಫೋನು ತೆಗೆದಾಗಲೆಲ್ಲ ಒಬ್ಬೊಬ್ಬಳು ಪ್ರತ್ಯಕ್ಷ! ನಾನು ನಂಜನಗೂಡಿನ ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವಳು. ನನ್ನ ವಿದ್ಯಾರ್ಥಿನಿಯರೂ ಬಂದು, "ಮಿಸ್, ಓದಕ್ಕೆ ಕೂತ್ರೆ ಊಟ ತಿಂಡಿ ನೆನಪೇ ಆಗಲ್ಲ" ಎಂದರು. ಮರುಳಾಗಿ ತರಿಸಿದೆ. ತರಿಸಿದ್ದು ನನಗಿಂತ ಹೆಚ್ಚಾಗಿ ಅಕ್ಕನಿಗೆ.

ಅಕ್ಕ ಇರುವುದು ಟಿ. ನರಸೀಪುರದಲ್ಲಿ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಟೀಚರ್ ಆಗಿದ್ದು ನಿವೃತ್ತಳಾದವಳು. ಒಂದೇ ಪುಸ್ತಕವನ್ನು ಇಬ್ಬರೂ ಓದಿ, ಆಮೇಲೆ ಅದರ ಮೇಲೆ ಜಗಳ ಕಾಯುವುದು ಚಿಕ್ಕಂದಿನಿಂದ ನಮ್ಮ ಅಭ್ಯಾಸ. ಹೋದ ವರ್ಷ ಭಾವ ತೀರಿಕೊಂಡ ಮೇಲೆ ಅವಳು ಪುಸ್ತಕ ಮುಟ್ಟಲಿಲ್ಲ. ಫೋನ್ ಮಾಡಿದರೆ "ಹೂಂ", "ಊಟ ಆಯ್ತು", ಮುಗಿಯಿತು. ಭಾವನ ಮಾತೆತ್ತಿದರೆ "ಒಲೆ ಮೇಲೆ ಹಾಲಿಟ್ಟಿದೀನಿ ಕಣೇ" ಎಂದು ಇಟ್ಟುಬಿಡುತ್ತಿದ್ದಳು. ಯಾವ ಮನೆಯಲ್ಲಿ ಅಷ್ಟು ಹಾಲು ಕಾಯಿಸುತ್ತಾರೆ? ಜಗಳವಾಡದ ಅಕ್ಕನನ್ನು ಕಂಡರೆ ನನಗೆ ನಿಜಕ್ಕೂ ಭಯವಾಗುತ್ತಿತ್ತು. ಈ ಪುಸ್ತಕವಾದರೂ ಅವಳ ಬಾಯಿ ಬಿಡಿಸಲಿ ಅನ್ನುವುದು ನನ್ನ ಆಸೆ.

ಪುಸ್ತಕ ಬಂತು, ಇಟ್ಟಿಗೆಯಷ್ಟು ದಪ್ಪ. ಅಕ್ಕನಿಗೆ ಹೆಬ್ಬೆರಳಿನ ಗೆಣ್ಣು ನೋವು, ಅಷ್ಟು ಭಾರ ಹಿಡಿಯಲಾರಳು. ಹಿಂದೆ ನಮ್ಮಮ್ಮ ವಾರಪತ್ರಿಕೆಯ ಧಾರಾವಾಹಿ ಹಾಳೆಗಳನ್ನು ಕಿತ್ತಿಟ್ಟು, ಗೋಣಿ ಹೊಲಿಯುವ ದಬ್ಬಳದಲ್ಲಿ ಹೊಲಿದು ಪುಸ್ತಕ ಮಾಡುತ್ತಿದ್ದರು. ನಾನು ಅದನ್ನೇ ತಿರುಗಾಮುರುಗಾ ಮಾಡಿದೆ. ಅಡುಗೆಮನೆ ಚಾಕುವಿನಿಂದ ಪುಸ್ತಕವನ್ನು ಮೂರು ಭಾಗ ಮಾಡಿ, ಒಂದೊಂದನ್ನೂ ದಾರ ಹಾಕಿ ಹೊಲಿದೆ. ನಾನು ಓದಿ ಮುಗಿಸಿದ್ದನ್ನು ಅವಳಿಗೆ ಕಳಿಸುವುದು ಎಂದು ಲೆಕ್ಕ. ನಮ್ಮ ಕಾಲೇಜಿನ ಅಟೆಂಡರ್ ದಿನಾ ಮೂಗೂರಿನಿಂದ ಬಂದುಹೋಗುತ್ತಾರೆ. "ಕೊಡಿ ಮೇಡಂ, ನರಸೀಪುರದಲ್ಲಿ ಬಸ್ ಬದಲಾಯಿಸ್ಬೇಕಲ್ಲ, ಅಂಗೇ ಅಕ್ಕೋರ ಮನೇಗ್ ಕೊಟ್ಟು ಓಯ್ತೀನಿ" ಎಂದರು.

ಮೊದಲ ಭಾಗ ಓದಿದೆ. ಅಯ್ಯೋ ರಾಮ! ಹುಣ್ಣಿಮೆಗೆ ಚಿರತೆಯಾಗುವ ಒಬ್ಬ ರಾಜ. ಅವನಿಗೆ ಮುನ್ನೂರು ವರ್ಷ, ಅವಳಿಗೆ ಹತ್ತೊಂಬತ್ತು. ಮುನ್ನೂರು ವರ್ಷದಲ್ಲಿ ಒಂದು ಒಳ್ಳೆಯ ಮಾತು ಕಲಿತಿಲ್ಲ ಆಸಾಮಿ. ಪುಟ ತಿರುಗಿಸಿದರೆ ಹಲ್ಲು ಕಡಿಯುತ್ತಾನೆ, ಮತ್ತೆ ತಿರುಗಿಸಿದರೆ ನಿನಗಾಗಿ ಸಾಯುತ್ತೇನೆ ಅನ್ನುತ್ತಾನೆ. ಅವಳು ಉಸಿರು ಬಿಗಿಹಿಡಿಯುತ್ತಾಳೆ. ಎರಡನೆಯ ಭಾಗದಲ್ಲೂ ಅದೇ ಹಲ್ಲು, ಅದೇ ಉಸಿರು. ಇದಕ್ಕಾ ಅಷ್ಟು ಜನ ಅತ್ತಿದ್ದು? ಪುಸ್ತಕದ ಮೇಲೆ ಬಂದದ್ದು ಬರೀ ಬೇಜಾರಲ್ಲ, ಸಿಟ್ಟು. ಅಕ್ಕನ ವಿಷಯದಲ್ಲಿ ನನಗಿದ್ದ ಒಂದೇ ಉಪಾಯವೂ ಕೈಕೊಟ್ಟಿತಲ್ಲ ಎಂದು ಸಿಟ್ಟು. ಆದರೂ ಮೊದಲನೆಯದರ ಹಾಗೆ ಎರಡನೆಯ ಭಾಗವನ್ನೂ ಅಟೆಂಡರ್ ಕೈಗೆ ಕೊಟ್ಟೆ.

ಕೊಟ್ಟೆ ಅಂದುಕೊಂಡಿದ್ದೆ. ಮೂರನೆಯ ಭಾಗ ಓದಲು ಮನಸ್ಸೇ ಬಾರದೆ ಎಷ್ಟೋ ದಿನ ಬಿಟ್ಟು ಕೈಗೆತ್ತಿಕೊಂಡರೆ, ಅದು ಎರಡನೆಯದು! ಅಕ್ಕನಿಗೆ ಹೋಗಿರುವುದು ಕೊನೆಯ ಭಾಗ. ತಕ್ಷಣ ಫೋನ್ ಮಾಡಿದೆ.

"ಕಳಿಸಿದ್ದು ಓದಿದ್ಯಾ?"

"ಓದಿದೆ. ಮುಗೀತು."

"ಕಥೆ ಅರ್ಥ ಆಯ್ತಾ?"

"ಆಗದೆ ಏನು."

ಕಥೆಯ ನಡು ಪೂರಾ ಇಲ್ಲ, ಪುಟಸಂಖ್ಯೆ ಹಾರಿದೆ, ಮಕ್ಕಳ ಉತ್ತರಪತ್ರಿಕೆಯಲ್ಲಿ ಒಂದು ಕಾಮಾ ಬಿಡದ ಅಕ್ಕನಿಗೆ ಅದು ಕಾಣಲಿಲ್ಲವೇ? ಓದದೆ ಸುಮ್ಮನೆ ಓದಿದೆ ಅನ್ನುತ್ತಿದ್ದಾಳೆ. ಅಥವಾ ಕಣ್ಣು ಹಾಳೆಯ ಮೇಲಿದೆ, ಮನಸ್ಸು ಎಲ್ಲೋ ಇದೆ. ಭಾನುವಾರ ಬೆಳಗ್ಗೆಯೇ ಎರಡನೆಯ ಭಾಗವನ್ನು ಬ್ಯಾಗಿಗೆ ತುರುಕಿ ನರಸೀಪುರದ ಬಸ್ ಹತ್ತಿದೆ.

ಅಕ್ಕ ನೆನೆಸಿದ ಅವರೆಕಾಳಿನ ಪಾತ್ರೆ ನನ್ನ ಮುಂದಿಟ್ಟು, "ಹಿತುಕು, ನನ್ ಬೆರಳಿಗಾಗಲ್ಲ" ಎಂದಳು. ಹಿತುಕುತ್ತಲೇ ಕೇಳಿದೆ. "ನಡುವಿನ ಭಾಗ ಇಲ್ಲ ಅಂತ ಗೊತ್ತಾಗ್ಲಿಲ್ವೇನೇ ಅಕ್ಕ?"

"ಗೊತ್ತಾಗದೆ? ನನಗೇನು ಕಣ್ಣಿಲ್ವಾ? ಅದ್ರಲ್ಲಿ ಏನೂ ನಡೆಯಲ್ಲ ಅಂತ ನೀನೇ ಎಸೆದಿರ್ಬೇಕು ಅಂದ್ಕೊಂಡೆ. ಪುಣ್ಯಾತ್ಗಿತ್ತಿ, ಒಳ್ಳೇ ಕೆಲಸ ಮಾಡಿದ್ಲು ಅಂದ್ಕೊಂಡೆ."

ನಾನು ನಗಲು ಶುರುಮಾಡಿದೆ. ಅವಳು ನಿಲ್ಲಿಸಲಿಲ್ಲ.

"ಚಿರತೆಯಂತೆ, ಚಿರತೆ! ಇಲ್ಲಿ ಕಬ್ಬಿನ ಗದ್ದೇಲಿ ಚಿರತೆ ಕಂಡ್ರೆ ಬೋನು ಇಟ್ಟು ಹಿಡ್ಕೊಂಡು ಹೋಗ್ತಾರೆ. ಅವಳು ಅದಕ್ಕೆ ಮುತ್ತು ಕೊಡ್ತಾಳೆ. ಆ ರಾಜ ಇದಾನಲ್ಲ, ಮಾತೆತ್ತಿದ್ರೆ ನಿನಗಾಗಿ ಸಾಯ್ತೀನಿ, ನಿನಗಾಗಿ ಸಾಯ್ತೀನಿ. ಕೊನೆಗೆ ಸತ್ನಾ? ಗುಂಡುಕಲ್ಲಿನ ಹಾಗೆ ಇದಾನೆ. ನಿಮ್ಮ ಭಾವ ಒಂದು ದಿನಾನೂ ಹಾಗಂದವರಲ್ಲ. ನನ್ನ ಮಾತ್ರೆ ತರ್ತೀನಿ ಅಂತ ಹೊರಟು, ಚಪ್ಪಲಿ ಹಾಕೊಳ್ತಾ ಹಾಕೊಳ್ತಾನೇ ಹೋಗ್ಬಿಟ್ರು."

ಅಕ್ಕ ಜೋರಾಗಿ ಅತ್ತಳು. ಭಾವ ಹೋದ ದಿನವೂ ಅವಳು ಹಾಗೆ ಅತ್ತಿರಲಿಲ್ಲ. ನಾನೂ ಅತ್ತೆ, ಅವರೆಕಾಳಿನ ಕೈಯಲ್ಲಿ ಕಣ್ಣೊರೆಸಿಕೊಳ್ಳಲಾಗದೆ ಮೂಗು ಸೋರಿಸಿಕೊಂಡು ಕೂತೆ. ಒಲೆಯ ಮೇಲೆ ಯಾವ ಹಾಲೂ ಇರಲಿಲ್ಲ.

ಸಂಜೆ ಹೊರಡುವಾಗ ಬಾಗಿಲ ತನಕ ಬಂದಳು.

"ಆ ನಡುವಿನ ಭಾಗ ತಂದಿದೀಯೇನೇ?"

"ತಂದಿದೀನಿ. ಅದರಲ್ಲಿ ಏನೂ ಇಲ್ಲ ಕಣೇ ಅಕ್ಕ."

"ಇಲ್ದಿದ್ರೆ ಇಲ್ಲ, ಇಟ್ಟು ಹೋಗು. ನಾಳೆ ಫೋನ್ ಮಾಡ್ತೀನಿ. ಬೈಯೋಕಾದ್ರೂ ಏನಾದ್ರೂ ಬೇಕಲ್ಲ."